ಇಂಗ್ಲಿಷಿನ 'ವೇಗ್ಲಿ' (vaguely) ಎಂಬ ಅಲೆಮಾರಿ ಪದವನ್ನು ಕನ್ನಡಕ್ಕೆ ಕರೆತರುವುದು ಹೇಗೆ?

ಅನುವಾದಕ್ಕೆ ಕೈ ಹಾಕಿದ ಹೊಸದರಲ್ಲಿ ಒಂದು ಕತೆಯ ಸಾಲನ್ನು ಹೀಗೆ ಬರೆದಿದ್ದೆ: 'ಅವಳು ಅಸ್ಪಷ್ಟವಾಗಿ ನಕ್ಕಳು.' ಹಸ್ತಪ್ರತಿ ತಿದ್ದುತ್ತಿದ್ದ ಹಿರಿಯ ಸಂಪಾದಕರು 'ಅಸ್ಪಷ್ಟವಾಗಿ' ಎಂಬುದರ ಸುತ್ತ ಕೆಂಪು ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿದರು. ಕನ್ನಡಕವನ್ನು ಹಣೆಗೇರಿಸಿ, “ಏನಪ್ಪಾ, ನಗು ಅಸ್ಪಷ್ಟವಾಗುವುದು ಹೇಗೆ? ಅವತ್ತು ಮಂಜು ಬಿದ್ದಿತ್ತೇ?” ಎಂದು ಕೇಳಿದರು. ಮೂಲದಲ್ಲಿ 'ವೇಗ್ಲಿ' ಇದೆ ಸರ್, ಎಂದೆ. “ಇರಲಿ. ನಗುವಾಗ ಆ ಹುಡುಗಿಯ ಮನಸ್ಸು ಎಲ್ಲಿತ್ತು, ಅದನ್ನು ಮೊದಲು ನೋಡು” ಎಂದು ಹಾಳೆಯನ್ನು ನನ್ನ ಕಡೆ ತಳ್ಳಿದರು.

ಆ ಪದಕ್ಕೆ ನಿಘಂಟು ತೆರೆದರೆ 'ಅಸ್ಪಷ್ಟವಾಗಿ, ಅನಿಶ್ಚಿತವಾಗಿ' ಎಂದು ಸಿಗುತ್ತದೆ. ಪರೀಕ್ಷೆಗೆ ಓದುವವರಿಗೆ ಅಷ್ಟು ಸಾಕು. ಕತೆ ಅನುವಾದಿಸುವವರಿಗೆ, ತರಗತಿಯಲ್ಲಿ ಇಂಗ್ಲಿಷ್ ಕಲಿಸುವವರಿಗೆ, ರಾತ್ರಿ ಪಾಳಿಯಲ್ಲಿ ಕೂತು ಏಜೆನ್ಸಿಯ ಸುದ್ದಿಯನ್ನು ಕನ್ನಡಕ್ಕೆ ತರುವವರಿಗೆ ಸಾಲದು. ಅವರಿಗಾಗಿ, ನಾನು ಎಡವಿ ಕಲಿತ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಮೊದಲು ಸರಿಯಾಗಿ ಉಚ್ಚರಿಸಿ

ವೇ-ಗ್-ಲಿ. ಮೊದಲ ಅಕ್ಷರಕ್ಕೆ ಒತ್ತು, ಉಳಿದದ್ದು ಹಗುರ. ವಾಗ್ಲಿ, ವ್ಯಾಗ್ಲಿ, ವೇಗ್ಯುಲಿ ಎಂದೆಲ್ಲ ಓದುವುದನ್ನು ಕೇಳಿದ್ದೇನೆ, ಬೇಡ. 'ವೇಗ್' ಪದದ ಇಂಗ್ಲಿಷ್ ಕಾಗುಣಿತದಲ್ಲಿ ಜಿ ಆದ ಮೇಲೆ ಯು ಮತ್ತು ಇ ಬರುತ್ತವೆ, ಆದರೆ ಎರಡೂ ಬಾಯಿ ಬಿಡುವುದಿಲ್ಲ. ನಮಗೆಲ್ಲ ಗೊತ್ತಿರುವ 'ಪ್ಲೇಗ್' ಪದದ ಬಾಲವೂ ಇದೇ, ಎರಡಕ್ಕೂ ಪ್ರಾಸ ಕೂಡುತ್ತದೆ. ಹಾಗಾದರೆ ಆ ಯು ಅಲ್ಲಿ ಏಕೆ? ಜಿ ಅಕ್ಷರವನ್ನು ಕಾಯುವುದಕ್ಕೆ. ಅದನ್ನು ತೆಗೆದು ಬರೀ ಇ ಉಳಿಸಿದರೆ ಪೇಜ್, ಕೇಜ್ ಇದ್ದ ಹಾಗೆ ಓದುಗ 'ವೇಜ್' ಎಂದುಬಿಡುತ್ತಾನೆ. ಇದು ಫ್ರೆಂಚರ ಕಾಗುಣಿತದ ಕಟ್ಟಳೆ, ಪದದೊಂದಿಗೆ ಅದೂ ಕಡಲು ದಾಟಿ ಬಂದಿದೆ.

ಇನ್ನೊಂದು ಕಸಿವಿಸಿ ನಮ್ಮ ಲಿಪಿಯದು. ಕನ್ನಡದಲ್ಲಿ ಬರೆದ ಕೂಡಲೇ ಇದು ನಮ್ಮ 'ವೇಗ'ದ ನೆಂಟನಂತೆ ಕಾಣುತ್ತದೆ. ಸಂಬಂಧವೇನೂ ಇಲ್ಲ. ನಮ್ಮ ವೇಗ ಸಂಸ್ಕೃತದ 'ವಿಜ್' ಧಾತುವಿನಿಂದ ಬಂದದ್ದು; ಉದ್ವೇಗ, ಆವೇಗ ಅದರ ಮಕ್ಕಳು. ಇಂಗ್ಲಿಷಿನ ವೇಗ್ ಅವಸರವೇ ಇಲ್ಲದವನು.

ಹೆಜ್ಜೆ 2: ಪದವನ್ನು ಎರಡಾಗಿ ಮುರಿಯಿರಿ

'ವೇಗ್' ಗುಣವಾಚಕ, 'ಲಿ' ಅದನ್ನು ಕ್ರಿಯಾವಿಶೇಷಣ ಮಾಡುವ ಪ್ರತ್ಯಯ. ಸುಂದರಕ್ಕೆ 'ಆಗಿ' ಸೇರಿಸಿ ಸುಂದರವಾಗಿ ಎನ್ನುವ ಹಾಗೆ. ಶಾಲೆಯಲ್ಲಿ ಇಷ್ಟು ಹೇಳಿ ಮುಂದೆ ಹೋಗುತ್ತಾರೆ. ನಾವು ಒಂದು ಗಳಿಗೆ ನಿಲ್ಲೋಣ, ಏಕೆಂದರೆ ಈ ಪುಟ್ಟ 'ಲಿ'ಯ ಕತೆ ಸ್ವಾರಸ್ಯದ್ದು.

ಹಳೆಯ ಇಂಗ್ಲಿಷಿನಲ್ಲಿ 'ಲೀಚ್' ಎಂದರೆ ದೇಹ, ಮೈ. ಒಂದು ಗುಣಕ್ಕೆ ಇದನ್ನು ಅಂಟಿಸಿದರೆ 'ಅಂಥ ಮೈಯುಳ್ಳದ್ದು, ಅಂಥ ರೂಪದ್ದು' ಎಂಬ ಅರ್ಥ. ಸಾವಿರ ವರ್ಷ ನಾಲಿಗೆಯ ಮೇಲೆ ಉರುಳಿ ಸವೆದು ಅದು ಬರೀ 'ಲಿ' ಆಯಿತು. ಜರ್ಮನ್ ಭಾಷೆಯಲ್ಲಿ ಇದರ ಸೋದರಪದ ಈಗಲೂ ಹೆಣ ಎಂಬ ಅರ್ಥದಲ್ಲಿ ಉಳಿದಿದೆ. ಇಂಗ್ಲೆಂಡಿನ ಹಳೆಯ ಚರ್ಚುಗಳ ಅಂಗಳಕ್ಕೆ ಚಾವಣಿಯುಳ್ಳ ಒಂದು ಹೆಬ್ಬಾಗಿಲಿರುತ್ತದೆ. ಪಾದ್ರಿ ಬರುವ ತನಕ ಶವವನ್ನು ಅದರ ಕೆಳಗೆ ಇಳಿಸುತ್ತಿದ್ದರು. ಆ ಬಾಗಿಲಿಗೆ 'ಲಿಚ್‌ಗೇಟ್' ಎಂದು ಹೆಸರು. ಅದೇ ಲೀಚ್. ಇಂಗ್ಲಿಷಿನವರು 'ಹಾಗೆ' ಎನ್ನಲು ಬಳಸುವ 'ಲೈಕ್' ಕೂಡ ಇದೇ ಮನೆಯದು.

ಫ್ರೆಂಚರು ಇದೇ ಕೆಲಸಕ್ಕೆ ಲ್ಯಾಟಿನ್ನಿನ 'ಮೆಂತೆ' ಹಿಡಿದರು. 'ಮನಸ್ಸಿನಿಂದ' ಎಂದು ಅದರ ಅರ್ಥ. ನಮ್ಮ ಮನ, ಮತಿಗಳಿಗೆ ದೂರದ ನೆಂಟ. ನಮ್ಮ 'ಆಗಿ' ಎಂಬುದು 'ಆಗು' ಕ್ರಿಯಾಪದದ ಭೂತ ಕೃದಂತ. ಒಂದು ಕೆಲಸ ಹೇಗೆ ನಡೆಯಿತು ಎಂದು ಹೇಳಲು ಇಂಗ್ಲಿಷ್ ಮೈಯನ್ನು ಕರೆಯಿತು, ಫ್ರೆಂಚ್ ಮನಸ್ಸನ್ನು ಕರೆಯಿತು, ಕನ್ನಡ ಆಗುವಿಕೆಯನ್ನು ಕರೆಯಿತು.

ಒಂದು ಎಚ್ಚರಿಕೆ. 'ಲಿ' ಬಾಲವಿದ್ದ ಮಾತ್ರಕ್ಕೆ ಎಲ್ಲವೂ ಕ್ರಿಯಾವಿಶೇಷಣವಲ್ಲ. ಫ್ರೆಂಡ್ಲಿ, ಲವ್ಲಿ ಗುಣವಾಚಕಗಳು. ವೇಗ್ಲಿಗೆ ಆ ಗೊಂದಲವಿಲ್ಲ.

ಹೆಜ್ಜೆ 3: ಬೇರಿಗೆ ಇಳಿಯಿರಿ

ಪದದ ಹುಟ್ಟು ತಿಳಿಯಲು ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲಿ ಅರ್ಥಕ್ಕೆ ಮೊದಲೋ ಕೊನೆಗೋ ಬರುವ ವ್ಯುತ್ಪತ್ತಿಯ ಭಾಗವನ್ನು ನೋಡಬೇಕು. ಆದರೆ ವೇಗ್ಲಿಯ ಕೆಳಗೆ ಹುಡುಕಿದರೆ ಹೆಚ್ಚಿನಂಶ ಸಿಗದು. ಬಾಲ ಕಳಚಿ 'ವೇಗ್' ಎಂಬ ತಲೆಪದಕ್ಕೆ ಹೋಗಿ. ಅಲ್ಲಿ ಸಿಗುವ ಜಾಡು ಇಷ್ಟು: ಇಂಗ್ಲಿಷಿಗೆ 16ನೇ ಶತಮಾನದಲ್ಲಿ ಫ್ರೆಂಚ್ ಮೂಲಕ ಬಂತು, ಫ್ರೆಂಚಿಗೆ ಲ್ಯಾಟಿನ್ನಿನಿಂದ. ಲ್ಯಾಟಿನ್ನಿನಲ್ಲಿ ಅದು 'ವಾಗುಸ್'. ಅರ್ಥ: ಅಲೆಯುವ, ಒಂದೆಡೆ ನಿಲ್ಲದ, ನೆಲೆಯಿಲ್ಲದ.

ಇಲ್ಲೇ ನನಗೆ ಕಣ್ಣು ತೆರೆದದ್ದು. ಈ ಪದ ಹುಟ್ಟಿದಾಗ ಅದರಲ್ಲಿ ಮಂಜೂ ಇರಲಿಲ್ಲ, ಮಸುಕೂ ಇರಲಿಲ್ಲ. ಇದ್ದದ್ದು ಕಾಲು. ನಮ್ಮ ಪತ್ರಿಕೆಗಳು 'ಬೀಡಾಡಿ ದನ' ಎನ್ನುತ್ತವಲ್ಲ, ಆ ಬೀಡಾಡಿ. ಗೂಟವಿಲ್ಲ, ಹಗ್ಗವಿಲ್ಲ, ಇಂದು ಈ ಬೀದಿ, ನಾಳೆ ಆ ಬೀದಿ. ದೇಹದ ಅಲೆದಾಟಕ್ಕೆ ಹೇಳುತ್ತಿದ್ದ ಪದವನ್ನು ಮಾತಿಗೆ, ನೆನಪಿಗೆ, ಯೋಚನೆಗೆ ಹಚ್ಚಿದಾಗ 'ಇಂಥ ಕಡೆಯೇ ಇದೆ ಎಂದು ಹಿಡಿದು ತೋರಿಸಲಾಗದ್ದು' ಎಂಬ ಅರ್ಥ ಬಂತು.

ಈ ಬೇರಿನ ಉಳಿದ ಕುಡಿಗಳನ್ನು ಒಮ್ಮೆ ನೋಡಿಬಿಟ್ಟರೆ ಪದ ಮರೆಯುವುದಿಲ್ಲ. 'ವ್ಯಾಗಬಾಂಡ್' ಊರೂರು ಅಲೆಯುವವನು. 'ಎಕ್ಸ್‌ಟ್ರಾವಗಂಟ್' ಎಂದರೆ ಗಡಿಯ ಆಚೆಗೆ ಅಲೆದದ್ದು. ಇವತ್ತು ದುಂದುಗಾರನಿಗೆ ಹೇಳುತ್ತಾರೆ, ಕೈಯಲ್ಲಿದ್ದ ಹಣ ಗೆರೆ ದಾಟಿ ಹೋಯಿತು ಎಂದುಕೊಳ್ಳಿ. 'ವೇಗರಿ' ಎಂದರೆ ಮೊದಲು ಸುತ್ತಾಟ, ಆಮೇಲೆ ಮನಸ್ಸಿನ ಹುಚ್ಚಾಟ. ಮಳೆಯ, ಮಾರುಕಟ್ಟೆಯ ಚಂಚಲಾಟಕ್ಕೆ ಈ ಪದವನ್ನು ಬಳಸುತ್ತಾರೆ. ಇಟಾಲಿಯನ್ನಿನ 'ವಾಗೊ' ಪದಕ್ಕೆ ಅಸ್ಪಷ್ಟ ಎಂಬುದರ ಜೊತೆಗೆ ಚೆಲುವು, ಮೋಹಕ ಎಂಬ ಅರ್ಥವೂ ಇದೆ. ಕಣ್ಣಿಗೆ ಪೂರ್ತಿ ಸಿಗದ್ದನ್ನು ಇಟಲಿಯವರು ಚೆಲುವೆಂದರೆ ನನ್ನ ತಕರಾರಿಲ್ಲ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ವೇಗಸ್ ನರ. ಮಿದುಳಿನಿಂದ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಇದು ಹತ್ತನೆಯದು. ಹೆಚ್ಚಿನ ಜೋಡಿಗಳು ಕಣ್ಣು, ಕಿವಿ, ಮುಖ, ನಾಲಿಗೆ ಎಂದು ತಲೆಯ ಆಸುಪಾಸಿನಲ್ಲೇ ಕೆಲಸ ಮುಗಿಸುತ್ತವೆ. ಇದು ಮಾತ್ರ ಕುತ್ತಿಗೆಗುಂಟ ಇಳಿದು, ಧ್ವನಿಪೆಟ್ಟಿಗೆಗೆ ಕವಲು ಕೊಟ್ಟು, ಹೃದಯ, ಶ್ವಾಸಕೋಶಗಳನ್ನು ಮುಟ್ಟಿ, ವಪೆಯನ್ನು ದಾಟಿ ಹೊಟ್ಟೆ, ಕರುಳಿನವರೆಗೂ ಹೋಗುತ್ತದೆ. ಅಲೆಮಾರಿ ನರ ಎಂದು ಹೆಸರಿಟ್ಟವರಿಗೆ ಕವಿಮನಸ್ಸಿದ್ದಿರಬೇಕು. ಪಿಯುಸಿ ಜೀವಶಾಸ್ತ್ರದ ಮಕ್ಕಳಿಗೆ ವೇಗ್ ಪದ ಕಲಿಸಬೇಕೆಂದರೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಈ ದಾರಿಯಲ್ಲಿ ಎರಡು ಗುಂಡಿಗಳಿವೆ. ಬೀದಿಯಲ್ಲಿ ಅಲೆಯುವವನಿಗೆ ಹೇಳುವ 'ವೇಗ್ರಂಟ್' ನೋಡಲು ತದ್ರೂಪ ಸೋದರ. ಆದರೆ ಅದು ಬಹುಶಃ ಜರ್ಮನಿಕ್ ಮೂಲದ ಬೇರೊಂದು ಪದ, ಲ್ಯಾಟಿನ್ ಬಂಧುಗಳ ಸಹವಾಸದಲ್ಲಿ ಅವರ ಮುಖಚಹರೆ ಪಡೆದದ್ದು. ಎರಡನೆಯದು, ಫ್ರೆಂಚಿನಲ್ಲಿ 'ವಾಗ್' ಎಂದರೆ ಕಡಲ ಅಲೆಯೂ ಹೌದು, ಕಾಗುಣಿತವೂ ಅದೇ. ಆ ಅಲೆ ಮಾತ್ರ ಉತ್ತರದ ಜರ್ಮನಿಕ್ ಭಾಷೆಗಳಿಂದ ಬಂದದ್ದು, ಲ್ಯಾಟಿನ್ ಅಲೆಮಾರಿಗೂ ಅದಕ್ಕೂ ಬಳಗವಿಲ್ಲ. ವಿಚಿತ್ರವೆಂದರೆ ನಮ್ಮಲ್ಲೂ 'ಅಲೆ' ಎಂದರೆ ತೆರೆ, 'ಅಲೆ' ಎಂದರೆ ಸುತ್ತಾಡು. ಇದನ್ನು ಮೊದಲು ಗಮನಿಸಿದ ದಿನ ನಾನು ಅರ್ಧ ಗಂಟೆ ಕೆಲಸ ಬಿಟ್ಟು ಸುಮ್ಮನೆ ಕೂತಿದ್ದೆ.

ಹೆಜ್ಜೆ 4: 'ಅಸ್ಪಷ್ಟ'ದ ಬೇರನ್ನೂ ನೋಡಿ

ಇಂಗ್ಲಿಷ್ ಪದದ ಜಾತಕ ಬಿಡಿಸುವವರು ಅದರ ಪಕ್ಕ ಕೂರಿಸುವ ಕನ್ನಡ ಪದದ ಜಾತಕವನ್ನು ನೋಡುವುದೇ ಇಲ್ಲ. 'ಸ್ಪಷ್ಟ' ಎಂಬುದು ಸಂಸ್ಕೃತದ 'ಸ್ಪಶ್' ಧಾತುವಿನಿಂದ ಬಂದದ್ದು. ಸ್ಪಶ್ ಎಂದರೆ ನೋಡು. ಗೂಢಚಾರನಿಗೆ ಸಂಸ್ಕೃತದಲ್ಲಿ 'ಸ್ಪಶ' ಎಂದೇ ಹೆಸರು. ಲ್ಯಾಟಿನ್ನಿನಲ್ಲಿ ಇದರ ಸೋದರ ಧಾತು 'ಸ್ಪೆಕ್'. ಇನ್‌ಸ್ಪೆಕ್ಟರ್, ಸ್ಪೆಕ್ಟಕಲ್ಸ್ ಅಲ್ಲಿಂದ ಬಂದವು. ನಮ್ಮ ಸಂಪಾದಕರು ಹಣೆಗೇರಿಸಿದ ಕನ್ನಡಕವೂ ಅವರು ಸುತ್ತು ಹಾಕಿದ ಪದವೂ ಒಂದೇ ಬೇರಿನವು ಎಂದು ನನಗೆ ಆಗ ಗೊತ್ತಿರಲಿಲ್ಲ.

ಅಂದರೆ ಅಸ್ಪಷ್ಟ ಎಂದರೆ ಚೆನ್ನಾಗಿ ಕಾಣದ್ದು. ಅದು ಕಣ್ಣಿನ ಪದ. ಮಸುಕು, ಮಬ್ಬು, ಮಂಕು ಎಲ್ಲವೂ ಕಣ್ಣಿನ ಪದಗಳೇ. ವೇಗ್ಲಿ ಕಾಲಿನ ಪದ. ಕಾಲಿನ ಪದದ ಜಾಗದಲ್ಲಿ ಕಣ್ಣಿನ ಪದವನ್ನು ಕಣ್ಣುಮುಚ್ಚಿ ಇಟ್ಟರೆ ಕೆಲವು ಕಡೆ ಕೂತುಕೊಳ್ಳುತ್ತದೆ, ಕೆಲವು ಕಡೆ ಜಾರಿ ಬೀಳುತ್ತದೆ. ನನ್ನ 'ಅಸ್ಪಷ್ಟವಾಗಿ ನಕ್ಕಳು' ಜಾರಿ ಬಿದ್ದದ್ದು ಹೀಗೆ.

ಹೆಜ್ಜೆ 5: 'ಇಲ್ಲಿ ಅಲೆಯುತ್ತಿರುವುದು ಏನು?' ಎಂದು ಕೇಳಿಕೊಳ್ಳಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ವಾಕ್ಯದಲ್ಲಿ ವೇಗ್ಲಿ ಸಿಕ್ಕಾಗ ನಿಘಂಟಿಗೆ ಕೈ ಹಾಕುವ ಮೊದಲು, ನೆಲೆ ತಪ್ಪಿ ಅಲೆಯುತ್ತಿರುವುದು ಯಾವುದು ಎಂದು ಹುಡುಕಿ. ನೆನಪೋ, ಮಾತೋ, ಕೈಯೋ, ಮನಸ್ಸೋ? ಉತ್ತರ ಸಿಕ್ಕರೆ ಕನ್ನಡ ತಾನಾಗಿ ಬರುತ್ತದೆ.

ಅಲೆಯುತ್ತಿರುವುದು ನೆನಪಾದರೆ ಕಣ್ಣಿನ ಪದಗಳು ನಡೆಯುತ್ತವೆ, ಏಕೆಂದರೆ ನಾವು ನೆನಪನ್ನು ಚಿತ್ರದಂತೆ ನೋಡುವವರು. 'ವೇಗ್ಲಿ ರಿಮೆಂಬರ್' ಎಂದರೆ 'ಮಸುಕುಮಸುಕಾಗಿ ನೆನಪಿದೆ'. 'ಅಸ್ಪಷ್ಟವಾಗಿ ನೆನಪಿದೆ' ಎಂದರೂ ತಪ್ಪಿಲ್ಲ, ಆದರೆ ಅದರಲ್ಲಿ ಕಚೇರಿಯ ವಾಸನೆ. ಮನೆಯಲ್ಲಿ ಹಿರಿಯರು 'ನೆನಪು ಅಷ್ಟಕ್ಕಷ್ಟೇ' ಎನ್ನುತ್ತಾರೆ, 'ಕನಸು ಕಂಡ ಹಾಗೆ ನೆನಪು' ಎನ್ನುತ್ತಾರೆ. ಪಾತ್ರ ಯಾರು ಎಂದು ನೋಡಿ ಆರಿಸಿ.

ಮುಖವೋ ದನಿಯೋ ಪರಿಚಿತವೆನಿಸಿದರೆ ಇಂಗ್ಲಿಷ್ 'ವೇಗ್ಲಿ ಫೆಮಿಲಿಯರ್' ಎನ್ನುತ್ತದೆ. 'ಅಸ್ಪಷ್ಟವಾಗಿ ಪರಿಚಿತ' ಎಂದು ಯಾವ ಕನ್ನಡಿಗನೂ ಹುಟ್ಟಿನಿಂದ ಈವರೆಗೆ ಹೇಳಿರಲಾರ. ಮದುವೆಮನೆಯಲ್ಲಿ ಪಂಕ್ತಿಯಲ್ಲಿ ಎದುರು ಕೂತವರನ್ನು ಎರಡು ಸಲ ನೋಡಿ ನಾವು ಅನ್ನುವುದು, 'ಇವರನ್ನು ಎಲ್ಲೋ ನೋಡಿದ ಹಾಗಿದೆಯಲ್ಲ.' ಇಂಗ್ಲಿಷಿನ ಎರಡು ಪದಕ್ಕೆ ಕನ್ನಡದಲ್ಲಿ ಒಂದು ಪುಟ್ಟ ವಾಕ್ಯವೇ ಬಂತು. ಬರಲಿ, ಪದಕ್ಕೆ ಪದ ಲೆಕ್ಕ ಕೊಡಬೇಕಾದ ಪ್ರಮೇಯವೇನಿಲ್ಲ.

ಮಾತು ಅಲೆಯುವಾಗ ಕೆಲಸ ಸ್ವಲ್ಪ ಕಷ್ಟ. 'ಅವನು ವೇಗ್ಲಿ ಉತ್ತರಿಸಿದ' ಎಂದು ಇಂಗ್ಲಿಷ್ ಹೇಳಿ ಕೈ ತೊಳೆದುಕೊಳ್ಳುತ್ತದೆ. ಬೇಕೆಂದೇ ಹಾಗೆ ಹೇಳಿದನೋ, ಗೊತ್ತಿಲ್ಲದೆ ತೊದಲಿದನೋ ಎಂದು ತಿಳಿಸುವುದಿಲ್ಲ. ಕನ್ನಡ ಕೇಳುತ್ತದೆ. ಬೇಕೆಂದೇ ಜಾರಿಕೊಂಡಿದ್ದರೆ ಅದು 'ಹಾರಿಕೆಯ ಉತ್ತರ'. ಎರಡೂ ಕಡೆಯವರನ್ನು ಬಿಟ್ಟುಕೊಡದೆ ಮಾತಾಡಿದ್ದರೆ 'ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ'. ಅಡ್ಡಗೋಡೆಯ ಮೇಲಿಟ್ಟ ದೀಪ ಎರಡೂ ಕೋಣೆಗಳಿಗೆ ಅರೆಬೆಳಕು ಕೊಡುತ್ತದೆ, ಯಾವ ಕೋಣೆಯ ದೀಪವೂ ಆಗುವುದಿಲ್ಲ. ರಾಜಕಾರಣಿಗಳ ಪತ್ರಿಕಾಗೋಷ್ಠಿಗೆ ಈ ನುಡಿಗಟ್ಟು ಹೇಳಿ ಮಾಡಿಸಿದ್ದು. ವಿಷಯವೇ ಗೊತ್ತಿಲ್ಲದೆ ಹೇಳಿದ್ದರೆ 'ಅರೆಬರೆ ಹೇಳಿದ', 'ಏನೋ ಒಂದು ಹೇಳಿ ಮುಗಿಸಿದ'. ಯಾವುದು ಎಂದು ತಿಳಿಯಲು ಹಿಂದಿನ ಎರಡು ಪುಟ, ಮುಂದಿನ ಎರಡು ಪುಟ ಓದಲೇಬೇಕು. ಲೇಖಕ ಉದ್ದೇಶಪೂರ್ವಕವಾಗಿ ಗುಟ್ಟು ಬಿಟ್ಟುಕೊಡದಿದ್ದರೆ ನೀವೂ ಕೊಡಬೇಡಿ: 'ಉತ್ತರದಲ್ಲಿ ತಲೆಬುಡ ಸಿಗಲಿಲ್ಲ' ಎಂದು ಕೇಳುಗನ ಕಡೆಯಿಂದ ಹೇಳಿ ಪಾರಾಗಬಹುದು.

ಕೈ ಅಲೆದರೆ ಪದ ತನ್ನ ಹುಟ್ಟೂರಿಗೇ ಮರಳಿದಂತೆ. 'ಬೆಟ್ಟದ ಕಡೆ ವೇಗ್ಲಿ ಕೈ ತೋರಿಸಿದ.' ಹಳ್ಳಿಯ ಅರಳಿಕಟ್ಟೆಯಲ್ಲಿ ಕೂತವರನ್ನು ದಾರಿ ಕೇಳಿ ನೋಡಿ. ಬೀಡಿ ಹಿಡಿದ ಕೈ ಅರ್ಧ ಮೇಲೇಳುತ್ತದೆ, ಗಾಳಿಯಲ್ಲಿ ಒಂದು ಅರ್ಧಚಂದ್ರ ಬರೆಯುತ್ತದೆ, 'ಹೀಗೇ ಹೋಗಿ, ಅಲ್ಲೇ' ಎಂಬ ಮಾತು ಬರುತ್ತದೆ, ಕೈ ಮತ್ತೆ ಮೊಣಕಾಲಿನ ಮೇಲೆ. ಆ ಅರ್ಧಚಂದ್ರದೊಳಗೆ ಮೂರು ಊರುಗಳಿರುತ್ತವೆ. ಇದೇ ವೇಗ್ಲಿ. ಕನ್ನಡದಲ್ಲಿ 'ಬೆಟ್ಟದ ಕಡೆ ಎಲ್ಲೋ ಕೈ ಬೀಸಿದ' ಎಂದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. 'ಅಸ್ಪಷ್ಟವಾಗಿ ಕೈ ತೋರಿಸಿದ' ಎಂದರೆ ಕೈಗೆ ಏನೋ ಆಗಿದೆ ಅನಿಸುತ್ತದೆ.

ಭಾವನೆಗೆ ನೆಲೆ ಸಿಗದಿದ್ದಾಗ ನಮ್ಮಲ್ಲಿ 'ಯಾಕೋ', 'ಏನೋ' ಇವೆ. 'ವೇಗ್ಲಿ ಅನೀಸಿ' ಎಂದರೆ 'ಯಾಕೋ ಮನಸ್ಸಿಗೆ ಸಮಾಧಾನವಿಲ್ಲ', 'ಒಳಗೊಳಗೇ ಏನೋ ತಳಮಳ'. ಇನ್ನು ಮನಸ್ಸು ಬೇರೆಲ್ಲೋ ಇದ್ದು ಮುಖ ಮಾತ್ರ ಇಲ್ಲಿದ್ದರೆ 'ಅನ್ಯಮನಸ್ಕ' ಎಂಬ ಸಿದ್ಧಪದವಿದೆ. ನಗುವ ಹುಡುಗಿಗೆ ಅದು ತುಸು ಭಾರವಾದ ಒಡವೆ.

ಹೆಜ್ಜೆ 6: ಕನ್ನಡದ 'ಓ'ವನ್ನು ಕೆಲಸಕ್ಕೆ ಹಚ್ಚಿ

ಮೇಲಿನ ಉದಾಹರಣೆಗಳನ್ನು ಮತ್ತೆ ನೋಡಿದರೆ ಒಂದು ಅಕ್ಷರ ಬಾರಿಬಾರಿಗೂ ಇಣುಕುವುದು ಕಾಣುತ್ತದೆ. ಎಲ್ಲೋ, ಏನೋ, ಯಾಕೋ, ಯಾರೋ, ಎಂದೋ, ಹೇಗೋ. ಪ್ರಶ್ನೆಯ ಪದಕ್ಕೆ ಒಂದು ಓಕಾರ ಹಚ್ಚಿದರೆ ಪ್ರಶ್ನೆ ಸತ್ತು, ಅಲೆಯುವ ಉತ್ತರ ಹುಟ್ಟುತ್ತದೆ. 'ಯಾರು ಬಂದರು?' ಎಂದರೆ ಕೇಳುವವನಿಗೆ ಗೊತ್ತಿಲ್ಲ, ಗೊತ್ತಾಗಬೇಕು. 'ಯಾರೋ ಬಂದರು' ಎಂದರೆ ಹೇಳುವವನಿಗೂ ಗೊತ್ತಿಲ್ಲ, ಗೊತ್ತಾಗಲೇಬೇಕೆಂಬ ಹಟವೂ ಇಲ್ಲ. ಇಂಗ್ಲಿಷಿಗೆ ಎರಡು ಭಾಷೆ ದಾಟಿ ಸಿಕ್ಕ ಸಾಮಾನನ್ನು ಕನ್ನಡ ಒಂದು ಸ್ವರದಲ್ಲಿ ಇಟ್ಟುಕೊಂಡಿದೆ. ಅನುವಾದಕರು ಅದನ್ನು ಮರೆತು ನಾಲ್ಕಕ್ಷರದ ಸಂಸ್ಕೃತ ಹುಡುಕುತ್ತಾರೆ, ನಾನೂ ಸೇರಿ.

ಇದರ ಪಕ್ಕದಲ್ಲೇ 'ಆದರೂ' ಇದೆ, ಎರಡನ್ನೂ ಕಲಸಬಾರದು. 'ಎಂದೋ ಬಂದಿದ್ದ' ಎಂದರೆ ಬಂದದ್ದು ನಿಜ, ದಿನ ಮಾತ್ರ ತಿಳಿಯದು. 'ಎಂದಾದರೂ ಬರುತ್ತಾನೆ' ಎಂದರೆ ದಿನ ಇನ್ನೂ ಹುಟ್ಟಿಯೇ ಇಲ್ಲ. ಆದದ್ದಕ್ಕೆ ಓ, ಆಗಲಿರುವುದಕ್ಕೆ ಆದರೂ. ಪೂರ್ತಿ ನಿಯಮವಲ್ಲ, ಆದರೆ ಹತ್ತರಲ್ಲಿ ಎಂಟು ಸಲ ಕೈ ಹಿಡಿಯುತ್ತದೆ. ಒಂದೇ ವಾಕ್ಯದಲ್ಲಿ ಎರಡು ಓಗಳಿಗಿಂತ ಹೆಚ್ಚು ಬೇಡ. 'ಯಾರೋ ಎಲ್ಲೋ ಏನೋ ಹೇಗೋ' ಎಂದು ಬರೆದರೆ ಅದು ಭಾವಗೀತೆಯ ಅಣಕ.

ಹೆಜ್ಜೆ 7: ನೆರೆಮನೆಯ ಪದಗಳಿಂದ ಬೇರ್ಪಡಿಸಿ

ವೇಗ್ ಮತ್ತು 'ಆಂಬಿಗ್ಯುಅಸ್' ಒಂದೇ ಎಂದು ತಿಳಿದವರು ಬಹಳ. ಎರಡನೆಯ ಪದದಲ್ಲಿ 'ಎರಡೂ ಕಡೆ ಓಡಿಸು' ಎಂಬ ಅರ್ಥದ ಲ್ಯಾಟಿನ್ ತುಂಡುಗಳಿವೆ. ಅಲ್ಲಿ ದಾರಿಗಳು ಎರಡೇ, ಯಾವುದೆಂದು ತಿಳಿಯದು. ವೇಗ್‌ನಲ್ಲಿ ದಾರಿಯೇ ಇಲ್ಲ. ಕನ್ನಡದಲ್ಲಿ ಇದನ್ನು ಎರಡು ಪದಗಳಲ್ಲಿ ತೋರಿಸಿಬಿಡಬಹುದು. 'ಹತ್ತು' ಎಂದರೆ ಸಂಖ್ಯೆಯೋ ಮರ ಹತ್ತುವುದೋ? ಇದು ದ್ವಂದ್ವಾರ್ಥ. 'ಹತ್ತಾರು ಜನ' ಎಂದರೆ ಎಷ್ಟು? ಹದಿನಾರಲ್ಲ, ಇಪ್ಪತ್ತೋ ನಲವತ್ತೋ, ಗೆರೆ ಎಳೆಯಲಾಗದು. ಇದು ವೇಗ್.

ಗೆರೆ ಎಳೆಯಲಾಗದ ಈ ತಂಟೆ ಹಳೆಯದು. ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ತಾರ್ಕಿಕ ಯೂಬ್ಯುಲಿಡೀಸ್ ಹೆಸರಿನಲ್ಲಿ ಒಂದು ಒಗಟಿದೆ: ಒಂದು ಕಾಳು ರಾಶಿಯಲ್ಲ, ಎರಡೂ ಅಲ್ಲ, ಹಾಗಾದರೆ ಎಷ್ಟನೆಯ ಕಾಳಿಗೆ ರಾಶಿ ಆಗುತ್ತದೆ? ಕಣದಲ್ಲಿ ರಾಗಿ ತೂರಿದವರು ಈ ಪ್ರಶ್ನೆ ಕೇಳಿದರೆ ನಗುತ್ತಾರೆ, ಆದರೆ ಉತ್ತರ ಅವರ ಬಳಿಯೂ ಇಲ್ಲ. 1965ರಲ್ಲಿ ಲೋಟ್ಫಿ ಜಾದೆ ಎಂಬ ಗಣಿತಜ್ಞ, ಒಂದು ವಸ್ತು ಗುಂಪಿಗೆ ಸೇರಿದೆ ಅಥವಾ ಸೇರಿಲ್ಲ ಎನ್ನುವ ಬದಲು 'ಇಷ್ಟರಮಟ್ಟಿಗೆ ಸೇರಿದೆ' ಎನ್ನುವ ಫಜಿ ಗಣಗಳ ಲೆಕ್ಕ ಕೊಟ್ಟದ್ದು ಇದೇ ತಂಟೆಗೆ.

'ಅಪ್ರಾಕ್ಸಿಮೇಟ್ಲಿ' ಕೂಡ ನೆರೆಯವನೇ. ಅದರ ಬೇರಿನಲ್ಲಿ 'ಅತಿ ಸಮೀಪ' ಎಂಬ ಅರ್ಥವಿದೆ, ಅಂದರೆ ಒಂದು ಗುರಿಯಿದೆ, ಅದರ ಹತ್ತಿರ ಬಂದಿದ್ದೇವೆ. ಅದಕ್ಕೆ 'ಸುಮಾರು', 'ಹೆಚ್ಚುಕಡಿಮೆ'. ಇವನ್ನು ವೇಗ್ಲಿಗೆ ಕೊಡಬೇಡಿ. 'ನೆಬ್ಯುಲಸ್' ಮಾತ್ರ ನಿಜಕ್ಕೂ ಮಂಜಿನ ಪದ. ಲ್ಯಾಟಿನ್ನಿನ 'ನೆಬುಲಾ' ಎಂದರೆ ಮಂಜು, ನಮ್ಮ 'ನಭ'ದ ಒಡಹುಟ್ಟು. ನನ್ನ ಸಂಪಾದಕರ ಮಂಜು ಅಲ್ಲಿ ಬಿದ್ದಿದ್ದರೆ ಸರಿಯಿತ್ತು. 'ಸಂದಿಗ್ಧ' ಎಂಬ ನಮ್ಮ ಪದಕ್ಕೆ ಮೂಲದಲ್ಲಿ 'ಬಳಿದದ್ದು, ಮೆತ್ತಿದ್ದು' ಎಂಬ ಅರ್ಥವಿದೆ. ಎರಡರ ನಡುವೆ ಸಿಕ್ಕಿಬಿದ್ದ ಸ್ಥಿತಿಗೆ ಅದನ್ನು ಉಳಿಸಿಕೊಳ್ಳಿ.

ಹೆಜ್ಜೆ 8: ಕಾನೂನಿನ ಸುದ್ದಿಯಾದರೆ ಬೇರೆ ಪಟ್ಟು

ಇಲ್ಲಿ 'ಎಲ್ಲೋ', 'ಏನೋ' ನಡೆಯದು, 'ಅಸ್ಪಷ್ಟ'ವೇ ಸರಿ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅನ್ನು ರದ್ದುಮಾಡಿತು. ಕಿರಿಕಿರಿ, ಅನನುಕೂಲ, ತೀವ್ರ ಆಕ್ಷೇಪಾರ್ಹ ಎಂಬಂಥ ಪದಗಳನ್ನು ಆ ಸೆಕ್ಷನ್ ವ್ಯಾಖ್ಯಾನವಿಲ್ಲದೆ ಬಳಸಿತ್ತು. ಮೂರು ವರ್ಷದವರೆಗೆ ಜೈಲಿಗೆ ಕಳಿಸಬಹುದಾಗಿತ್ತು. ಒಬ್ಬನಿಗೆ ಕಿರಿಕಿರಿಯಾದದ್ದು ಇನ್ನೊಬ್ಬನಿಗೆ ಆಗದಿರಬಹುದು, ಹಾಗಿರುವಾಗ ಏನು ಬರೆದರೆ ಅಪರಾಧ ಎಂದು ನಾಗರಿಕ ತಿಳಿಯುವುದು ಹೇಗೆ ಎಂಬುದು ವಾದದ ತಿರುಳು. ಅಮೆರಿಕದ ಸುಪ್ರೀಂ ಕೋರ್ಟ್ 1926ರಷ್ಟು ಹಿಂದೆಯೇ, ಸಾಮಾನ್ಯ ತಿಳಿವಳಿಕೆಯವರು ಅರ್ಥವನ್ನು ಊಹಿಸಿಯೇ ತಿಳಿಯಬೇಕಾದಂಥ ಕಾನೂನು ನಿಲ್ಲದು ಎಂದಿತ್ತು. ಇಂಥ ಸುದ್ದಿಯಲ್ಲಿ 'ವೇಗ್ಲಿ ವರ್ಡೆಡ್' ಬಂದರೆ 'ಅಸ್ಪಷ್ಟ ಪದಗಳಲ್ಲಿ ರೂಪಿಸಿದ' ಎಂದು ಬರೆಯಿರಿ, ನಿಖರತೆಯಿಲ್ಲದ ಎಂದರೂ ಆದೀತು. ಹಾರಿಕೆ, ಜಾರಿಕೆ ಬೇಡ. ಅವು ಉದ್ದೇಶದ ಆರೋಪ ಹೊರಿಸುತ್ತವೆ.

ಹೆಜ್ಜೆ 9: 'ಸ್ವಲ್ಪ' ಎಂಬ ಅರ್ಥವನ್ನು ಮರೆಯದಿರಿ

ಹಲವು ಸಲ ವೇಗ್ಲಿಗೆ ಅಲೆದಾಟವೂ ಇರುವುದಿಲ್ಲ, 'ತುಸು, ಎಲ್ಲೋ ಒಂಚೂರು' ಎಂಬಷ್ಟೇ ಅರ್ಥ. 'ವೇಗ್ಲಿ ಸಿಮಿಲರ್' ಎಂದರೆ 'ಎಲ್ಲೋ ಒಂದು ಕಡೆ ಹೋಲುತ್ತದೆ'. ಇದಕ್ಕೆ ನಿಷೇಧ ಸೇರಿದರೆ ಬಿಗಿಯಾಗುತ್ತದೆ: 'ನಾಟ್ ಈವನ್ ವೇಗ್ಲಿ' ಎಂದರೆ ಸುತರಾಂ ಇಲ್ಲ, ಅದಕ್ಕೂ ಇದಕ್ಕೂ ದೂರದ ಸಂಬಂಧವೂ ಇಲ್ಲ.

ಹೆಜ್ಜೆ 10: ಒಂದನ್ನು ನೀವೇ ಮಾಡಿ ನೋಡಿ

ಒಬ್ಬ ಮುದುಕನ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲಿದೆ ಎಂದಿಟ್ಟುಕೊಳ್ಳಿ. ಮಗನ ಹೆಸರು ಹೇಳಿದರೆ ಅವನು ವೇಗ್ಲಿ ತಲೆಯಾಡಿಸುತ್ತಾನೆ. ಊರು ಯಾವುದೆಂದರೆ ವೇಗ್ಲಿ ನದಿಯ ಕಡೆ ಕೈ ಮಾಡುತ್ತಾನೆ. ಹಣ ಯಾವಾಗ ಕೊಡುತ್ತೀರಿ ಎಂದರೆ ವೇಗ್ಲಿ ಉತ್ತರಿಸುತ್ತಾನೆ. ಮಳೆ ಬರುವ ಹೊತ್ತಿಗೆ ಅವನಿಗೆ ವೇಗ್ಲಿ ಭಯವಾಗುತ್ತದೆ. ನಾಲ್ಕು ಕಡೆಯೂ 'ಅಸ್ಪಷ್ಟವಾಗಿ' ಇಟ್ಟು ಗಟ್ಟಿಯಾಗಿ ಓದಿ. ಮುದುಕನಿಗೆ ಕಣ್ಣಿನ ಪೊರೆ ಬಂದಂತಾಗುತ್ತದೆ. ಈಗ ಹೆಜ್ಜೆ 5ರ ಪ್ರಶ್ನೆಯನ್ನು ಕೇಳಿ ಮತ್ತೆ ಬರೆಯಿರಿ. ನನ್ನದು ಹೀಗೆ ಬಂತು:

'ಮಗನ ಹೆಸರು ಕಿವಿಗೆ ಬಿದ್ದರೂ ಬೀಳದ ಹಾಗೆ ತಲೆಯಾಡಿಸಿದ. ಊರು ಯಾವುದೆಂದರೆ ನದಿಯ ಆಚೆ ಎಲ್ಲೋ ಕೈ ಬೀಸಿದ. ಹಣದ ಮಾತಿಗೆ ಹಾರಿಕೆಯ ಉತ್ತರ ಕೊಟ್ಟ. ಮಳೆ ಕಟ್ಟಿದಾಗ ಮಾತ್ರ ಯಾಕೋ ಅವನಿಗೆ ಭಯವಾಯಿತು.'

ಇಂಗ್ಲಿಷಿನ ಒಂದು ಪದ ಇಲ್ಲಿ ನಾಲ್ಕು ವೇಷ ಹಾಕಿತು. ಮೂರನೆಯದನ್ನು ಕಂಡು ನೀವು ತಕರಾರು ತೆಗೆಯಬಹುದು: ಮುದುಕ ಬೇಕೆಂದೇ ಜಾರಿಕೊಂಡ ಎಂದು ಹೇಗೆ ಗೊತ್ತು? ಹಣದ ಮಾತಿನಲ್ಲಿ ನನಗೆ ಹಾಗನಿಸಿತು. ನಿಮಗೆ ಅವನ ಮೇಲೆ ಕನಿಕರವಿದ್ದರೆ 'ಏನೋ ಗೊಣಗಿದ' ಎಂದು ಬರೆಯಿರಿ.

ಇನ್ನು ಆ ನಗುವ ಹುಡುಗಿ. ಸಂಪಾದಕರು ಹಾಳೆ ತಳ್ಳಿದ ಮೇಲೆ ಮನೆಗೆ ಒಯ್ದು, ಏಳೆಂಟು ಸಲ ಬರೆದು ಹೊಡೆದು, ಮರುದಿನ ಬೆಳಗ್ಗೆ ಅವರ ಮೇಜಿನ ಮೇಲಿಟ್ಟೆ: 'ಅವಳು ನಕ್ಕಳು, ಮನಸ್ಸು ಮಾತ್ರ ಇನ್ನೆಲ್ಲೋ ಇತ್ತು.' ಓದಿದರು. ಪೆನ್ಸಿಲ್ ತೆಗೆದುಕೊಂಡು 'ಮಾತ್ರ'ವನ್ನು ಹೊಡೆದುಹಾಕಿ, ಮುಂದಿನ ಪುಟಕ್ಕೆ ಹೋದರು.